ಹೆಂಚಿನೂರಿನ ಇಳಿಜಾರು

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಸ್ಮಾರ್ಟ್ ಸಿಟಿ ಕೆಲಸಕ್ಕೆಂದು ರಸ್ತೆ ಅಗೆಯುತ್ತಿದ್ದಾಗ ಒಂದು ಬಾವಿ ಎದುರಾಯಿತು. ಊರಿನ ನಟ್ಟನಡುವೆ, ದಿನವಿಡೀ ಬಸ್ಸು ಉರುಳುವ ಜಾಗದ ಕೆಳಗೆ. ಹಿಂದೊಮ್ಮೆ ರಸ್ತೆ ಅಗಲ ಮಾಡಿದವರು ಅದನ್ನು ಮುಚ್ಚಿದ್ದರು. ಇನ್ನೊಮ್ಮೆ ರಸ್ತೆ ನೇರ್ಪು ಮಾಡಹೊರಟವರಿಗೆ ಅದು ಸಿಕ್ಕಿತು. ಮತ್ತೆ ಮುಚ್ಚಬಾರದೆಂಬ ಮಾತು ಎದ್ದಿತು, ಬಾವಿ ಉಳಿಯಿತು. ನೋಡಲು ಬಂದವರ ನಡುವೆ ನಿಂತಿದ್ದ ಹಿರಿಯರೊಬ್ಬರು, “ಬಾವಿ ಇಲ್ಲದೆ ಕಟ್ಟೆ ಎಲ್ಲಿಂದ ಬರ್ಬೇಕು ಮಾರ್ರೆ?” ಅಂದುಬಿಟ್ಟರು.

ಅವರು ಹೇಳಿದ್ದು ಜಾಗದ ಹೆಸರಿನ ಕಥೆ. ಅಪ್ಪಣ್ಣ ಎಂಬವನೊಬ್ಬ ಮರದ ಕೆಳಗಿನ ಕಟ್ಟೆಯಲ್ಲಿ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಿದ್ದನಂತೆ. ಅಪ್ಪಣ್ಣನ ಕಟ್ಟೆ ಬಾಯಿಂದ ಬಾಯಿಗೆ ಸವೆದು ಹಂಪನಕಟ್ಟೆಯಾಯಿತು ಎಂಬುದು ಊರಿನ ಮಾತು. ಕಥೆ ನಿಜವೋ ಅಲ್ಲವೋ, ಅಗೆದಾಗ ನೀರಿನ ಗುರುತು ಸಿಕ್ಕಿದ್ದಂತೂ ನಿಜ. ಈ ಊರಿನಲ್ಲಿ ಕಟ್ಟಿದ್ದು, ಕೆಡವಿದ್ದು, ಮತ್ತೆ ಕಟ್ಟಿದ್ದು ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಒಂದೇ ಲೆಕ್ಕ: ಎಲ್ಲಿ ನೀರಿಗೆ ದಾರಿ ಬಿಟ್ಟರು, ಎಲ್ಲಿ ಬಿಡಲಿಲ್ಲ.

ಬೈಲು, ಗುಡ್ಡೆ, ಪದವು

ಊರಿಗೆ ಹೆಸರು ನಾಲ್ಕು. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಮಾತಿನಲ್ಲಿ ಮೈಕಾಲ. ಕುಡ್ಲ ಎಂದರೆ ಕೂಡುವ ಜಾಗ ಎಂದು ಅರ್ಥ ಹೇಳುತ್ತಾರೆ. ಘಟ್ಟದಿಂದ ಇಳಿದ ನೇತ್ರಾವತಿಯೂ ಗುರುಪುರದ ಕಡೆಯಿಂದ ಬರುವ ಫಲ್ಗುಣಿಯೂ ಬೆಂಗ್ರೆಯ ಮರಳುದಿಣ್ಣೆಯ ಹಿಂದೆ ಕೂಡಿಕೊಂಡು ಅಳಿವೆಯಲ್ಲಿ ಕಡಲು ಸೇರುತ್ತವೆ. ಹಳೇ ಬಂದರು ಹುಟ್ಟಿದ್ದು ಆ ಹಿನ್ನೀರಿನ ಆಸರೆಯಲ್ಲಿ.

ಒಳಗಿನ ಊರು ಸಮತಟ್ಟಲ್ಲ. ಮುರಕಲ್ಲಿನ ಗುಡ್ಡ, ಅದರ ಬೋಳು ನೆತ್ತಿಯಾದ ಪದವು, ಎರಡು ಗುಡ್ಡಗಳ ನಡುವೆ ಗದ್ದೆಯ ಬೈಲು, ಬೈಲಿನ ನಡುವೆ ತೋಡು. ಇದು ಈ ನೆಲದ ಅಚ್ಚು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ಮಳೆ, ಪದವಿನ ಮೇಲೆ ಬಿದ್ದು ಗುಡ್ಡದ ಬದಿ ಹಿಡಿದು ಇಳಿದು ಬೈಲಿನಲ್ಲಿ ನಿಂತು ತೋಡಿನಲ್ಲಿ ಹರಿದು ಹೊಳೆ ಸೇರುತ್ತಿತ್ತು. ಹಿಂದಿನವರು ಮನೆ ಕಟ್ಟುತ್ತಿದ್ದದ್ದು ಗುಡ್ಡದ ಬದಿಯಲ್ಲಿ. ಬೈಲು ಬೇಸಾಯಕ್ಕೆ, ಪದವು ದನ ಮೇಯಲಿಕ್ಕೆ.

ಈ ನಕ್ಷೆ ಈಗಲೂ ಬಸ್ಸಿನ ಬೋರ್ಡುಗಳಲ್ಲಿ ಓಡಾಡುತ್ತದೆ. ಕೊಡಿಯಾಲಬೈಲು, ದೇರೆಬೈಲು. ಮಣ್ಣಗುಡ್ಡ, ಗೋರಿಗುಡ್ಡ, ಬಾವುಟಗುಡ್ಡೆ. ಪದವಿನಂಗಡಿ. ಎಮ್ಮೆಕೆರೆ, ಗುಜ್ಜರಕೆರೆ. ಮರಳಿಗೆ ಹೊಯ್ಗೆ ಎನ್ನುವ ನಾಡಿನಲ್ಲಿ ಹೊಯ್ಗೆಬಜಾರು. ಕೊಡಿಯಾಲಬೈಲಿನಲ್ಲಿ ಇಂದು ಗದ್ದೆಯನ್ನು ಹುಡುಕಿದರೆ ನಗುತ್ತಾರೆ. ಹೆಸರು ಮಾತ್ರ ಯಾವ ಸರ್ವೆ ನಂಬರಿಗೂ ಕಾಯದೆ, ಇಲ್ಲಿ ನೀರು ನಿಲ್ಲುತ್ತಿತ್ತು ಎಂದು ಹೇಳುತ್ತಲೇ ಇದೆ.

ಜಪ್ಪಿನ ಆವೆಮಣ್ಣು

ಈ ಊರಿಗೆ ಲೋಕದಲ್ಲಿ ಹೆಸರು ತಂದ ವಸ್ತು ಹೆಂಚು. ಅದಕ್ಕಿಂತ ಮೊದಲು ಇಲ್ಲಿ ಬಡವರ ಮನೆಗೆ ಮುಳಿಹುಲ್ಲಿನ, ಸೋಗೆಯ ಮಾಡು. ಅನುಕೂಲಸ್ಥರಿಗೆ ಕುಂಬಾರ ಮಾಡಿದ ಅರೆದುಂಡಿನ ನಾಡಹೆಂಚು. ಹುಲ್ಲಿಗೆ ಬೆಂಕಿಯ ಭಯ, ವರ್ಷವರ್ಷವೂ ಹೊದೆಸುವ ಖರ್ಚು. ನಾಡಹೆಂಚಿಗೆ ಗಾಳಿಯ ಭಯ, ಬೆಕ್ಕು ಓಡಿದರೂ ಜಾರುವ ಚಾಳಿ.

1834ರಲ್ಲಿ ಬಾಸೆಲ್ ಮಿಷನ್ ಇಲ್ಲಿಗೆ ಬಂತು. ಬಲ್ಮಠದಲ್ಲಿ ಅಚ್ಚುಕೂಟ ಹಾಕಿದರು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಈ ಊರಿನಿಂದಲೇ. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದದ್ದೂ ಇಲ್ಲಿಂದ. ಮತಾಂತರವಾಗಿ ಜಾತಿ ಮನೆ ಎರಡನ್ನೂ ಕಳೆದುಕೊಂಡವರಿಗೆ ಕೆಲಸ ಕೊಡಬೇಕಿತ್ತು. ನೇಯ್ಗೆ, ಅಚ್ಚು, ಕೊನೆಗೆ ಹೆಂಚು. ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ನದಿದಂಡೆಯ ಆವೆಮಣ್ಣನ್ನು ಪರೀಕ್ಷೆ ಮಾಡಿ, 1865ರಲ್ಲಿ ಜಪ್ಪಿನಲ್ಲಿ ಕಾರ್ಖಾನೆ ಶುರು ಮಾಡಿದರು. ಅಲ್ಲಿ ಒತ್ತಿ ತೆಗೆದ ಹೆಂಚಿನ ಒಂದು ಅಂಚಿಗೆ ಏಣು, ಮತ್ತೊಂದಕ್ಕೆ ಗಾಡಿ. ಒಂದರ ಏಣು ಇನ್ನೊಂದರ ಗಾಡಿಯಲ್ಲಿ ಕೂತರೆ ಮೊಳೆ ಬೇಡ, ಗಾರೆ ಬೇಡ. ಗಾಳಿಗೆ ಏಳುವುದಿಲ್ಲ, ಬಿದ್ದ ನೀರು ಒಳಗೆ ನುಸುಳುವ ಮೊದಲೇ ಮುಂದಿನ ಹೆಂಚಿಗೆ ಜಾರುತ್ತದೆ. ಅದಕ್ಕೆ ಬೇಕಾದದ್ದು ಒಂದೇ, ತಕ್ಕಷ್ಟು ಇಳಿಜಾರು.

ಕೆಲವೇ ವರ್ಷಗಳಲ್ಲಿ ಊರಿನವರೂ ಕಾರ್ಖಾನೆ ಹಾಕಿದರು. ಜಪ್ಪು, ಬೋಳಾರ, ಹೊಯ್ಗೆಬಜಾರು, ಹೊಳೆಯಾಚೆಯ ಉಳ್ಳಾಲ: ಎಲ್ಲವೂ ನೀರಿನ ಮಗ್ಗುಲಲ್ಲೇ. ಮಣ್ಣು ದೋಣಿಯಲ್ಲಿ ಬರಬೇಕು, ಸೌದೆ ದೋಣಿಯಲ್ಲಿ ಬರಬೇಕು, ಬೆಂದ ಹೆಂಚು ದೋಣಿಯಲ್ಲಿ ಬಂದರಿಗೆ ಹೋಗಬೇಕು. ಬಂದರಿನಿಂದ ಮುಂಬಯಿಗೆ, ಸಿಲೋನಿಗೆ, ಬರ್ಮಾಕ್ಕೆ, ಆಫ್ರಿಕಾದ ಕರಾವಳಿಗೆ. ಪ್ರತಿ ಹೆಂಚಿನ ಬೆನ್ನಿನ ಮೇಲೂ ಕಾರ್ಖಾನೆಯ ಹೆಸರು, ಊರಿನ ಹೆಸರು, ಒಂದು ಗುರುತು. ನಮ್ಮ ಊರನ್ನು ನೋಡದ ಎಷ್ಟೋ ಮಂದಿ ತಲೆಯೆತ್ತಿ ಅದರ ಹೆಸರು ಓದಿರಬೇಕು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಉದ್ದಿಮೆಗಳನ್ನು ವಶಕ್ಕೆ ತೆಗೆದುಕೊಂಡರು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಚಿಮಿಣಿಗಳ ಹೊಗೆ ನಿಲ್ಲಲಿಲ್ಲ.

ಇಂದು ನಾವು ಹಳೆಯದೆಂದು ಹಂಬಲಿಸುವ ಹೆಂಚಿನ ಮನೆ ಆ ಕಾಲಕ್ಕೆ ಹೊಚ್ಚಹೊಸ ಕಾಮಗಾರಿ. ಮುಳಿಹುಲ್ಲು ಕೊಯ್ದು ಮಾರುತ್ತಿದ್ದವರೂ ನಾಡಹೆಂಚಿನ ಕುಂಬಾರರೂ ಅದನ್ನು ಕಂಡು ಏನಂದುಕೊಂಡರೋ, ಯಾರೂ ಬರೆದಿಡಲಿಲ್ಲ. ಆದರೆ ಹುಲ್ಲಿನ ಮಾಡಿನಿಂದ ಹೆಂಚಿನ ಮಾಡಿಗೆ ಬಂದಾಗ ಒಂದು ಮಾತ್ರ ಬದಲಾಗಲಿಲ್ಲ. ಎರಡೂ ನೀರನ್ನು ಇಳಿಸಿ ಕಳಿಸುತ್ತಿದ್ದವು.

ಮನೆಯ ಒಡಲೆಲ್ಲ ಅದೇ ಲೆಕ್ಕದ್ದು. ಪದವಿನ ಕಲ್ಪಣೆಯಿಂದ ಕಡಿದು ತಂದ ಮುರಕಲ್ಲು. ಕಡಿಯುವಾಗ ಮೆದು, ಗಾಳಿ ಬಿಸಿಲಿಗೆ ಗಟ್ಟಿ. ಅದರ ಗೋಡೆಯ ಮೇಲೆ ಪಕ್ಕಾಸು, ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಹೆಂಚು. ಅಡುಗೆಮನೆಯ ಕತ್ತಲೆಗೆ ಒಂದೆರಡು ಗಾಜಿನ ಹೆಂಚು. ಮಾಡು ಗೋಡೆಯಿಂದ ಎರಡು ಮೊಳ ಹೊರಗೆ ಚಾಚಿ ಜಗಲಿಯನ್ನು ಕಾಯುತ್ತದೆ. ಮಾಡಿನಿಂದ ಬಿದ್ದ ನೀರು ದಂಬೆಗೆ, ದಂಬೆಯಿಂದ ಅಂಗಳದ ಕಣಿಗೆ, ಕಣಿಯಿಂದ ತೆಂಗಿನ ಬುಡಕ್ಕೆ, ಅಲ್ಲಿಂದ ತೋಡಿಗೆ. ಒಂದು ಪಾಲು ಮಣ್ಣಿನೊಳಗೆ ಇಳಿದು ಬಾವಿಗೆ. ಮೂಲೆಯಲ್ಲಿ ಯಾರೂ ಕತ್ತಿ ತಾಗಿಸದ ನಾಗಬನ. ಅದರ ಬೇರಿನ ಬುಡದಲ್ಲಿ ಬೇಸಗೆಯಲ್ಲೂ ತಂಪು.

ಹೊಗಳಿಕೆ ಸಾಕು, ಆ ಮನೆಯಲ್ಲಿ ಇದ್ದವರನ್ನು ಕೇಳಿದರೆ ಬೇರೆ ಪಟ್ಟಿಯೇ ಬರುತ್ತದೆ. ಏಪ್ರಿಲಿನಲ್ಲಿ ಒಡೆದ ಹೆಂಚು ತೆಗೆದು ಹೊಸತು ಇಡಲು ಆಳು ಹುಡುಕುವುದು, ಸಿಡಿಲಿಗೆ ಮುರಿದ ಕೊಂಬೆ ಮಾಡಿನ ಮೇಲೆ ಬೀಳುವುದು, ಗೆದ್ದಲು ತಿಂದ ಪಕ್ಕಾಸು, ಮಳೆಗಾಲದಲ್ಲಿ ಬಟ್ಟೆಗೆ ಹಿಡಿಯುವ ಬೂಷ್ಟು, ಮಂಗಗಳ ಹಿಂಡು. ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವಾಗ ಎಂಬತ್ತು ದಾಟಿದ ಹೆಂಗಸೊಬ್ಬಳು ಇದನ್ನೆಲ್ಲ ನೋಡಿಕೊಳ್ಳಬೇಕೆಂದು ಹೇಳಲು ನನಗೆ ಬಾಯಿ ಬಾರದು.

ಪಾಲಾಗದ ಮನೆ

ಊರು ಬದಲಾದದ್ದು ಒಂದೇ ಏಟಿಗಲ್ಲ. 1907ರಲ್ಲಿ ರೈಲು ಬಂತು, 1914ರಲ್ಲಿ ಸಿಪಿಸಿ ಕಂಪನಿಯ ಬಸ್ಸು ಓಡಿತು. 1956ರಲ್ಲಿ ಜಿಲ್ಲೆ ಮದರಾಸಿನಿಂದ ಕಳಚಿ ಮೈಸೂರು ರಾಜ್ಯ ಸೇರಿತು. ಪಣಂಬೂರಿನಲ್ಲಿ ಕಡಲತೀರವನ್ನು ತೋಡಿ ಕಟ್ಟಿದ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ದೊಡ್ಡ ಬಂದರೆನಿಸಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಅದರ ಬೆನ್ನಿಗೆ ರಸಗೊಬ್ಬರ, ಕುದುರೆಮುಖದ ಅದಿರು, ಮುಂದೆ ತೈಲ ಶುದ್ಧೀಕರಣ ಕಾರ್ಖಾನೆ. 1998ರಲ್ಲಿ ಕೊಂಕಣ ರೈಲು. 1980ರಲ್ಲಿ ಮುನ್ಸಿಪಾಲಿಟಿ ಮಹಾನಗರಪಾಲಿಕೆಯಾಗಿತ್ತು. 2011ರ ಜನಗಣತಿಯ ಹೊತ್ತಿಗೆ ಪಾಲಿಕೆಯ ಗಡಿಯೊಳಗೆ ಐದು ಲಕ್ಷದ ಹತ್ತಿರ ಜನ.

ಆದರೆ ಮನೆಗಳು ಕೆಡವಲ್ಪಟ್ಟು ಫ್ಲ್ಯಾಟುಗಳು ಎದ್ದದ್ದು ಬರೀ ಜನ ಹೆಚ್ಚಿದ್ದರಿಂದ ಅಲ್ಲ. ಅದರ ಬೇರು ನೆಲದ ಹಕ್ಕಿನಲ್ಲಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಈ ಜಿಲ್ಲೆಯಲ್ಲಿ ಕಾಗದದಲ್ಲಿ ಉಳಿಯಲಿಲ್ಲ. ಚಾಲಗೇಣಿಯ ಒಕ್ಕಲು ಫಾರಂ 7ರಲ್ಲಿ ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯನಾದ. ಇಂದಿಗೂ ಜಾಗದ ವ್ಯವಹಾರದಲ್ಲಿ “ಇದು ಡಿಕ್ಲರೇಶನ್ ಜಾಗವಾ?” ಎಂದು ಕೇಳುತ್ತಾರೆ. ತಲೆಮಾರುಗಳಿಂದ ದುಡಿದವನಿಗೆ ಸಿಕ್ಕ ಆ ನ್ಯಾಯದ ಮುಂದಿನ ಅಧ್ಯಾಯ ಬೈಲಿನಲ್ಲೇ ನಡೆಯಿತು. ಅರ್ಧ ಎಕರೆ ಗದ್ದೆ ನಾಲ್ಕು ಮಕ್ಕಳಿಗೆ ಪಾಲಾಯಿತು, ಭತ್ತಕ್ಕೆ ಆಳು ಸಿಗದಾಯಿತು, ಬೈಲಿನ ಪಕ್ಕದಲ್ಲಿ ರಸ್ತೆ ಬಂತು. ಎಕರೆಯಲ್ಲಿ ಎಣಿಸುತ್ತಿದ್ದದ್ದನ್ನು ಸೆಂಟ್ಸಿನಲ್ಲಿ ಎಣಿಸತೊಡಗಿದ ಮೇಲೆ ಮಣ್ಣಿನ ಲಾರಿ ಬರುವುದು ತಡವಾಗಲಿಲ್ಲ.

ಊರೊಳಗಿನ ದೊಡ್ಡ ಹಿತ್ತಿಲುಗಳದ್ದು ಬೇರೆ ಕಥೆ. ಮಂಗಳೂರಿನ ಬಹಳಷ್ಟು ಜಾಗ ಮೂಲಗೇಣಿಯದ್ದು. ಅಂದರೆ ಮೂಲಿದಾರನಿಗೆ ವರ್ಷಕ್ಕೊಮ್ಮೆ ಎಂದೋ ನಿಗದಿಯಾದ ಅಲ್ಪ ಗೇಣಿ ಕೊಟ್ಟು ಶಾಶ್ವತವಾಗಿ ಅನುಭವಿಸುವ ಹಕ್ಕು. ಗೇಣಿ ಏರಲಿಲ್ಲ, ಜಾಗದ ಬೆಲೆ ಮಾತ್ರ ಮುಗಿಲು ಮುಟ್ಟಿತು. ಮೂಲಗೇಣಿದಾರರಿಗೆ ಒಡೆತನ ಕೊಡಲು ರಾಜ್ಯ 2011ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಇದರ ಮೇಲೆ ಅಳಿಯಸಂತಾನದ ಮನೆತನಗಳು. ತಾಯಿಯ ಕಡೆಯಿಂದ ಬಂದ ಕುಟುಂಬದ ಸೊತ್ತು, ಅಕ್ಕತಂಗಿಯರ ಮಕ್ಕಳೆಲ್ಲ ಅದರ ಹಕ್ಕುದಾರರು. 1949ರ ಮದರಾಸಿನ ಕಾಯ್ದೆ ಪಾಲಿಗೆ ಬಾಗಿಲು ತೆರೆಯಿತು. ಈಗ ಒಂದು ಚಾವಡಿಮನೆಗೆ ಹದಿನಾಲ್ಕು ಸಹಿ. ಮುಂಬಯಿಯಲ್ಲಿ ಮೂರು, ಮಸ್ಕತ್ತಿನಲ್ಲಿ ಎರಡು, ಊರಿನಲ್ಲಿ ಉಳಿದವು.

ಇಂಥ ಮನೆಯನ್ನು ಪಾಲು ಮಾಡುವುದು ಹೇಗೆ? ಚಾವಡಿಯನ್ನು ಕುಯ್ಯಲಾಗದು, ಬಾವಿಯನ್ನು ಹದಿನಾಲ್ಕು ಮಾಡಲಾಗದು. ಬಿಲ್ಡರು ಬಂದು, ಜಾಗ ನಿಮ್ಮದು, ಕಟ್ಟುವ ಖರ್ಚು ನನ್ನದು, ಇಷ್ಟು ಫ್ಲ್ಯಾಟು ನಿಮಗೆ ಉಳಿದದ್ದು ನನಗೆ ಎಂದಾಗ ಎಲ್ಲರ ಮುಖದಲ್ಲೂ ಗೆಲುವು. ಕೋರ್ಟಿನಲ್ಲಿ ಇಪ್ಪತ್ತು ವರ್ಷ ಬಿದ್ದಿದ್ದ ದಾವೆ ಒಂದು ಪ್ಲಾನಿನಲ್ಲಿ ಮುಗಿಯುತ್ತದೆ. ನಮ್ಮ ಊರಿನ ಎಷ್ಟೋ ಗೋಪುರಗಳು ನಿಂತಿರುವುದು ದುರಾಸೆಯ ಮೇಲೆ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಅನೇಕ ಕಡೆ ಅವು ಅಣ್ಣತಮ್ಮಂದಿರ ರಾಜಿಪತ್ರಗಳು.

ನನ್ನ ಚಿಕ್ಕಮ್ಮನ ಮನೆಯೂ ಹೀಗೆಯೇ ಹೋಯಿತು. ಮನೆಯನ್ನು ಕೆಡವುವವರು “ಒಡೆಯುವುದು” ಅನ್ನಲಿಲ್ಲ, “ಬಿಚ್ಚುವುದು” ಅಂದರು. ಸರಿಯಾದ ಮಾತು. ಮೊದಲ ದಿನ ಹೆಂಚು ಕೈಯಿಂದ ಕೈಗೆ ಇಳಿದು ಅಂಗಳದಲ್ಲಿ ಸಾಲಾಗಿ ಕುಳಿತಿತು. ಎರಡನೇ ದಿನ ರೀಪು, ಪಕ್ಕಾಸು; ಮೂರನೇ ದಿನ ಬಾಗಿಲು ದಾರಂದ; ಕೊನೆಗೆ ಕಲ್ಲು. ಎಲ್ಲಕ್ಕೂ ಬೆಲೆಯಿತ್ತು, ಎಲ್ಲಕ್ಕೂ ಗಿರಾಕಿಯಿದ್ದರು. ಹಳೇ ಹೆಂಚು ಯಾವುದೋ ಹೋಂಸ್ಟೇಗೆ, ಹಲಸಿನ ಬಾಗಿಲು ಯಾವುದೋ ಹೋಟೆಲಿನ ಗೋಡೆಗೆ. ಕಾಂಕ್ರೀಟಿನ ಮನೆಗೆ ವಯಸ್ಸಾದಾಗ ಹೀಗೆ ಬಿಚ್ಚಲಾಗದು. ಕಬ್ಬಿಣ ಕಿತ್ತ ಮೇಲೆ ಉಳಿಯುವ ರಾಶಿಯನ್ನು ಯಾವುದೋ ತೋಡಿನ ಬದಿಗೆ ಸುರಿಯುತ್ತಾರೆ.

ನಾಗಬನದ ಮಾತು ಬಂದಾಗ ಮಾತ್ರ ಹದಿನಾಲ್ಕು ಸಹಿಗಳೂ ತಡೆದವು. ಪ್ರಶ್ನೆ ಇಟ್ಟರು, ಪ್ರಾಯಶ್ಚಿತ್ತ ಮಾಡಿಸಿದರು. ಕೊನೆಗೆ ಹಿಂದಿನ ಕಾಂಪೌಂಡಿನ ಮೂಲೆಯಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ ನಾಗನ ಕಲ್ಲುಗಳನ್ನು ಕೂರಿಸಿದರು. ಮರಗಳಿಗೆ ಜಾಗವಿರಲಿಲ್ಲ. ಜನರೇಟರಿನ ಪಕ್ಕದಲ್ಲಿ ನಾಗರಪಂಚಮಿಗೆ ತನು ಎರೆಯುವ ಫ್ಲ್ಯಾಟುಗಳು ಊರಿನಲ್ಲಿ ಬೇಕಷ್ಟಿವೆ. ಹಾಲು ಸಿಮೆಂಟಿನ ಮೇಲೆ ಹರಿದು ಮಳೆನೀರಿನ ಜಾಲಿಗೆ ಹೋಗುತ್ತದೆ.

ಕೆಡವಿದ್ದು, ಮತ್ತೆ ಕಟ್ಟಿದ್ದು

2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆಮೇಲಿನ ವರ್ಷಗಳಲ್ಲಿ ಊರು ಒಂದೇ ಸಮನೆ ಅಗೆಸಿಕೊಂಡಿತು. ಆಗಿರುವುದರಲ್ಲಿ ತಮಾಷೆಯ ಸಂಗತಿ ಗಡಿಯಾರ ಗೋಪುರದ್ದು. 1960ರ ದಶಕದಲ್ಲಿ ಹಂಪನಕಟ್ಟೆಯ ಹತ್ತಿರ ಒಂದು ಗೋಪುರ ಎದ್ದಿತ್ತು. 1990ರ ದಶಕದಲ್ಲಿ ರಸ್ತೆಗೆ ಅಡ್ಡಿಯೆಂದು ಕೆಡವಿದರು. ಗೋಪುರ ಹೋದ ಮೇಲೂ ಬಸ್ಸಿನ ಕಂಡಕ್ಟರರು “ಕ್ಲಾಕ್ ಟವರ್, ಕ್ಲಾಕ್ ಟವರ್” ಎಂದು ಕೂಗುವುದನ್ನು ಬಿಡಲಿಲ್ಲ. ಇಲ್ಲದ ಗೋಪುರದ ಬುಡದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಜನ ಹತ್ತಿದರು, ಇಳಿದರು. ಕೊನೆಗೆ ಸ್ಮಾರ್ಟ್ ಸಿಟಿ ಹಣದಲ್ಲಿ ಅದೇ ಕಡೆ ಹೊಸ ಗೋಪುರ ಕಟ್ಟಿದರು. ಅಡ್ಡಿಯಾಗಿದ್ದ ವಸ್ತು ಅಲಂಕಾರವಾಗಿ ಮರಳಿತು. ಕಂಡಕ್ಟರರ ಹಟ ಗೆದ್ದಿತು ಎಂದು ನಾನು ತಿಳಿದಿದ್ದೇನೆ.

ಬಸ್ ಸ್ಟಾಪಿನ ಹೆಸರುಗಳೇ ಈ ಊರಿನ ಕಂದಾಯ ಇಲಾಖೆಗಿಂತ ಗಟ್ಟಿಯಾದ ದಾಖಲೆ. ಜ್ಯೋತಿ ಎಂಬ ಸ್ಟಾಪು ಟಾಕೀಸಿನಿಂದ ಬಂದದ್ದು. ಸರ್ಕಲಿಗೆ ಅಂಬೇಡ್ಕರರ ಹೆಸರಿಟ್ಟಿದ್ದಾರೆ, ಹಳಬರ ಬಾಯಲ್ಲಿ ಇನ್ನೂ ಜ್ಯೋತಿ. ನವಭಾರತ ಪತ್ರಿಕೆ ನಿಂತು ಕಾಲವಾಯಿತು, ನವಭಾರತ ಸರ್ಕಲ್ ಇದೆ. ಪಂಪ್‌ವೆಲ್‌ನಲ್ಲಿ ಹಿಂದೆ ಬಾವಿಯಿಂದ ನೀರೆತ್ತುವ ಪಂಪು ಇತ್ತೆಂದು ಹಿರಿಯರು ಹೇಳುತ್ತಾರೆ. ಇಂದು ಪಂಪ್‌ವೆಲ್ ಅಂದರೆ ಫ್ಲೈಓವರ್. ಹೆದ್ದಾರಿಯ ಆ ಮೇಲ್ಸೇತುವೆ ಮುಗಿಯಲು ಸುಮಾರು ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷ ಊರಿನ ಯಾವ ಮದುವೆಮನೆಯಲ್ಲೂ ನಗೆಚಟಾಕಿಗೆ ಬರ ಬರಲಿಲ್ಲ. ಸಾಲ ವಾಪಸು ಕೇಳಿದರೆ “ಪಂಪ್‌ವೆಲ್ ಫ್ಲೈಓವರ್ ಆದ ಕೂಡಲೇ ಕೊಡ್ತೇನೆ” ಎಂಬ ಉತ್ತರ. 2020ರ ಜನವರಿ 31ರಂದು ಅದು ತೆರೆದಾಗ ಸಾಲಗಾರರಿಗೆ ನಿಜಕ್ಕೂ ತೊಂದರೆಯಾಗಿರಬೇಕು.

ಸೆಂಟ್ರಲ್ ಮಾರ್ಕೆಟ್ಟಿನದ್ದು ನಗುವ ಕಥೆಯಲ್ಲ. ಮೀನು, ತರಕಾರಿ, ಬಾಳೆಕಾಯಿ, ಮಲ್ಲಿಗೆ ಎಲ್ಲಕ್ಕೂ ಊರಿನವರು ಹೋಗುತ್ತಿದ್ದ ಜಾಗ. 2020ರ ಕೊರೊನಾದಲ್ಲಿ ಅದನ್ನು ಮುಚ್ಚಿ ಸಗಟು ವ್ಯಾಪಾರವನ್ನು ಬೈಕಂಪಾಡಿಗೆ ಕಳಿಸಿದರು. ಆಮೇಲೆ ಹಳೆಯ ಕಟ್ಟಡ ಕೆಡವಿ ಬಹುಮಹಡಿ ಮಾರುಕಟ್ಟೆ ಕಟ್ಟುವ ಕೆಲಸ ಕೈಗೆತ್ತಿಕೊಂಡರು. ಹಳೆಯದು ಕೊಳಕಾಗಿತ್ತು, ನೆಲ ಜಾರುತ್ತಿತ್ತು, ಹೊಸದು ಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಾರುಕಟ್ಟೆ ಎಂದರೆ ಕಟ್ಟಡವಷ್ಟೇ ಅಲ್ಲ. ಯಾವ ಅಂಗಡಿಯ ಪಕ್ಕ ಯಾವ ಅಂಗಡಿ, ಯಾರಲ್ಲಿ ಬಾಕಿ ಬರೆಸಬಹುದು ಎಂಬ ಗುರುತು. ಕಟ್ಟಡವನ್ನು ಮತ್ತೆ ಕಟ್ಟಬಹುದು. ಚೆದುರಿದ ಬುಟ್ಟಿಯವಳು ಮತ್ತೆ ಅದೇ ಮೂಲೆಗೆ ಬರುತ್ತಾಳೆಯೇ ಎಂಬುದು ಪ್ಲಾನಿನಲ್ಲಿ ಇರುವುದಿಲ್ಲ.

ಮೆಚ್ಚಬೇಕಾದದ್ದೂ ಇದೆ. ಎಮ್ಮೆಕೆರೆಯಲ್ಲಿ 2023ರಲ್ಲಿ ಅಂತರರಾಷ್ಟ್ರೀಯ ಮಟ್ಟದ ಈಜುಕೊಳ ತೆರೆಯಿತು. ಹೆಸರು ಕೇಳಿದರೆ ಎಮ್ಮೆಗಳು ಮೀಯುತ್ತಿದ್ದ ಕೆರೆಯೇ ಕಣ್ಣಿಗೆ ಬರುತ್ತದೆ. ಅಲ್ಲಿ ಈಗ ಟೋಪಿ ಕನ್ನಡಕ ಹಾಕಿದ ಮಕ್ಕಳು ನೀಲಿ ನೀರಿಗೆ ಧುಮುಕುತ್ತಾರೆ. ಮಂಗಳಾದೇವಿಯ ಹತ್ತಿರದ ಗುಜ್ಜರಕೆರೆಯ ದಂಡೆ ಕಟ್ಟಿ ನಡಿಗೆಯ ದಾರಿ ಮಾಡಿದ್ದಾರೆ. ಪಡೀಲಿನಲ್ಲಿ ಜಿಲ್ಲಾಡಳಿತದ ಹೊಸ ಕಟ್ಟಡ ‘ಪ್ರಜಾ ಸೌಧ’ 2025ರಲ್ಲಿ ತೆರೆಯಿತು. ಬೋಳಾರದ ಕಡೆಯಿಂದ ನೇತ್ರಾವತಿ ಸೇತುವೆಯವರೆಗೆ ನದಿದಂಡೆಯಲ್ಲಿ ವಿಹಾರದ ಹಾದಿ ಕೈಗೆತ್ತಿಕೊಂಡರು. ಕಾಂಡ್ಲಾ ಗಿಡ ಬೆಳೆದ ದಡಕ್ಕೆ ಕಾಂಕ್ರೀಟು ಬೇಡವೆಂದು ಪರಿಸರವಾದಿಗಳು ತಡೆ ಹೇಳಿದರು. ಇದೇ ದಂಡೆಯಲ್ಲಿ ಒಂದು ಕಾಲಕ್ಕೆ ಹೆಂಚಿನ ದೋಣಿಗಳು ಸಾಲುಗಟ್ಟುತ್ತಿದ್ದವು. ಆವೆಮಣ್ಣು ತೆಗೆಯಲು ಕಟ್ಟುಪಾಡು ಬಂದು, ಸೌದೆ ದುಬಾರಿಯಾಗಿ, ಮನೆಗಳೆಲ್ಲ ಆರ್‌ಸಿಸಿಗೆ ತಿರುಗಿದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಉಳಿದ ದೊಡ್ಡ ಬಯಲುಗಳಿಗೆ ನದಿಯ ನೋಟವಿತ್ತು. ದೇಶಕ್ಕೆಲ್ಲ ಮಾಡು ಹೊದೆಸಿದ ನೆಲದಲ್ಲಿ ಚಪ್ಪಟೆ ತಲೆಯ ಫ್ಲ್ಯಾಟುಗಳಿಗೆ ಪಾಯ ತೋಡಿದರು.

ಏರಿದ ರಸ್ತೆ, ಇಳಿದ ಮನೆ

ಊರಿನ ರಸ್ತೆಗಳಿಗೆ ಕಾಂಕ್ರೀಟು ಬಂದದ್ದು ಒಳ್ಳೆಯದೇ. ಮಳೆಗಾಲದ ನಾಲ್ಕು ತಿಂಗಳು ಡಾಂಬರು ಇಲ್ಲಿ ಉಳಿಯುತ್ತಿರಲಿಲ್ಲ. ಆದರೆ ಹಳೆಯ ರಸ್ತೆಯನ್ನು ಕೆರೆಯದೆ ಅದರ ಮೇಲೆಯೇ ಕಾಂಕ್ರೀಟು ಹಾಕಿದ ಕಡೆಗಳಲ್ಲಿ ರಸ್ತೆ ಒಂದು ಗೇಣು, ಒಂದು ಮೊಳ ಏರಿತು. ನಿನ್ನೆಯವರೆಗೆ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗೆ ಇಂದು ಮೆಟ್ಟಿಲು ಇಳಿದು ಹೋಗಬೇಕು. ಅಂಗಳದ ನೀರು ರಸ್ತೆಗೆ ಹರಿಯುತ್ತಿದ್ದದ್ದು ತಿರುಗಿ, ರಸ್ತೆಯ ನೀರು ಅಂಗಳಕ್ಕೆ ಬಂತು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದಾರೆ, ಹೀರಿಕೊಳ್ಳಲು ಮಣ್ಣಿಲ್ಲ. ತೋಡು ಚಪ್ಪಡಿಯ ಕೆಳಗೆ ಹೋಗಿದೆ, ಒಳಗೆ ಏನು ಸಿಕ್ಕಿಕೊಂಡಿದೆ ಎಂದು ಕಾಣುವುದಿಲ್ಲ.

2018ರ ಮೇ 29ರಂದು, ಮುಂಗಾರು ಇನ್ನೂ ನೆಲೆಯೂರುವ ಮೊದಲು, ಊರಿನ ಮೇಲೆ ಮಳೆ ಒಂದೇ ದಿನ ಕವುಚಿಬಿದ್ದಿತು. ಶಾಲೆ ಬಿಟ್ಟ ಮಕ್ಕಳು ದಾರಿಯಲ್ಲಿ ಸಿಕ್ಕಿಕೊಂಡರು, ಕಾರುಗಳು ತೇಲಿದವು, ನೆಲಮಾಳಿಗೆಯ ಪಾರ್ಕಿಂಗುಗಳು ಕೆರೆಯಾದವು. ಎಲ್ಲೆಲ್ಲಿ ನೀರು ನಿಂತಿತೆಂದು ಮರುದಿನ ಪಟ್ಟಿ ಓದುವಾಗ ನನಗೆ ಹಳೆಯ ನಕ್ಷೆ ಓದಿದ ಹಾಗಾಯಿತು. ಬೈಲಿದ್ದ ಕಡೆ ನೀರು, ತೋಡಿದ್ದ ಕಡೆ ನೀರು. ಕೊಟ್ಟಾರ ಚೌಕಿಯವರಿಗಂತೂ ಅದು ವರ್ಷವರ್ಷದ ಪಾಡು. ಎತ್ತರಿಸಿದ ಹೆದ್ದಾರಿ ಒಂದು ಕಡೆ, ಸೊರಗಿದ ಕಾಲುವೆ ಇನ್ನೊಂದು ಕಡೆ. ಅಲ್ಲಿನ ಅಂಗಡಿಯವರು ಜೂನ್ ಬಂದರೆ ಕೆಳಗಿನ ಶೆಲ್ಫಿನ ಸಾಮಾನು ಮೇಲಕ್ಕೆ ಇಡುತ್ತಾರೆ, ದೀಪಾವಳಿಗೆ ಕೆಳಗೆ ಇಳಿಸುತ್ತಾರೆ.

ಬೈಲು ತುಂಬಲು ಮಣ್ಣು ಬೇಕು. ಆ ಮಣ್ಣು ಗುಡ್ಡದಿಂದ ಬರುತ್ತದೆ. ಹೀಗೆ ಒಂದೇ ಲಾರಿ ಎರಡೂ ಕಡೆಯ ಇಳಿಜಾರನ್ನು ಕೆಡಿಸುತ್ತದೆ. ಗುಡ್ಡವನ್ನು ಗೋಡೆಯ ಹಾಗೆ ನೇರಕ್ಕೆ ಕಡಿದು ಅದರ ಬುಡದಲ್ಲಿ ಕಟ್ಟಡ ನಿಲ್ಲಿಸುತ್ತಾರೆ, ಹೆದ್ದಾರಿ ಅಗಲ ಮಾಡುತ್ತಾರೆ. ಮುರಕಲ್ಲಿನ ಮೇಲ್ಪದರ ಗಟ್ಟಿ, ಅದರ ಕೆಳಗಿನದ್ದು ಜೇಡಿ. ಕಡಿದ ಮೈಗೆ ನಾಲ್ಕು ದಿನ ಮಳೆ ಹೊಡೆದರೆ ಜೇಡಿ ಕರಗಿ ಮೇಲಿನದ್ದು ಕುಸಿಯುತ್ತದೆ. ವಾಮಂಜೂರಿನ ಆಚೆ ಕೆತ್ತಿಕಲ್ಲಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡ ಮಳೆಗಾಲ ಬಂದರೆ ಸುತ್ತಲಿನವರ ನಿದ್ದೆ ಕೆಡಿಸುತ್ತದೆ.

ಇದಕ್ಕೆಲ್ಲ ಕಟ್ಟುವುದನ್ನೇ ನಿಲ್ಲಿಸಬೇಕು ಎಂದು ನಾನು ಹೇಳುವುದಿಲ್ಲ. ಓದಲು, ಮದ್ದಿಗೆ, ಕೆಲಸಕ್ಕೆ ಬರುವವರಿಗೆ ತಲೆಯ ಮೇಲೊಂದು ಸೂರು ಬೇಕು. ಸಮತಟ್ಟು ನೆಲ ಇಲ್ಲದ ಊರು ಮೇಲಕ್ಕೇ ಬೆಳೆಯಬೇಕು. ನನ್ನ ತಕರಾರು ಎತ್ತರದ್ದಲ್ಲ, ಚಪ್ಪಟೆಯದ್ದು. ಕಟ್ಟುವ ಮೊದಲು ಒಂದು ಮಳೆಗಾಲ ಆ ಜಾಗದಲ್ಲಿ ಕೊಡೆ ಹಿಡಿದು ನಿಂತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡುವ ಅಭ್ಯಾಸ ಹಿಂದಿನ ಮೇಸ್ತ್ರಿಗಳಿಗಿತ್ತು. ಲೈಸೆನ್ಸಿಗೆ ಬೇಕಾದ ಕಾಗದಗಳಲ್ಲಿ ಅದೊಂದು ಸೇರಿದ್ದರೆ ಸಾಕಿತ್ತು.

ಮಾಡಿನ ಮೇಲೊಂದು ಮಾಡು

ಚಿಕ್ಕಮ್ಮ ಈಗ ಅದೇ ಜಾಗದಲ್ಲಿ, ಆದರೆ ಏಳನೆಯ ಮಹಡಿಯಲ್ಲಿ ಇದ್ದಾರೆ. ಲಿಫ್ಟು ಇದೆ, ವಾಚ್‌ಮ್ಯಾನ್ ಇದ್ದಾನೆ, ಮಂಗಗಳ ಕಾಟವಿಲ್ಲ. ಬಾವಿಯ ನೆನಪೇ ಇಲ್ಲದವರ ಹಾಗೆ ಅವರು ನೆಮ್ಮದಿಯಾಗಿದ್ದಾರೆ. ಬಿಚ್ಚಿದ ದಿನ ಒಂದು ಹೆಂಚು ಎತ್ತಿಟ್ಟುಕೊಂಡಿದ್ದರು. ಬಾಲ್ಕನಿಯಲ್ಲಿ ತುಳಸಿಯ ಚಟ್ಟಿಯ ಕೆಳಗೆ ಅದಿದೆ. ಬೆನ್ನಿನ ಮೇಲಿನ ಅಕ್ಷರ ಪಾಚಿ ಹಿಡಿದರೂ ಬೆರಳಿಗೆ ಸಿಗುತ್ತದೆ.

ಅವರದ್ದು ಕೊನೆಯ ಮಹಡಿ. ಮೂರನೆಯ ಮಳೆಗಾಲಕ್ಕೆ ದೇವರಕೋಣೆಯ ಮೂಲೆಯಲ್ಲಿ ತೇವ ಕಾಣಿಸಿತು. ಬಿಲ್ಡರ ಕಡೆಯವರು ಬಂದು ಏನೋ ಬಳಿದು ಹೋದರು. ನಾಲ್ಕನೆಯ ಮಳೆಗಾಲಕ್ಕೆ ತೊಟ್ಟಿಕ್ಕಿತು. ಅಸೋಸಿಯೇಶನ್ನಿನ ಸಭೆ ಕೂಡಿ ಟೆರೇಸಿಗೆ ಶೀಟು ಹಾಕಿಸುವುದೆಂದು ತೀರ್ಮಾನಿಸಿತು. ವೆಲ್ಡಿಂಗಿನ ಹುಡುಗ ಬಂದು ಅಳತೆ ತೆಗೆಯುವಾಗ ನಾನೂ ಅಲ್ಲಿದ್ದೆ. ಸ್ಲ್ಯಾಬಿನಲ್ಲಿ ಅಲ್ಲಲ್ಲಿ ನಿಂತ ನೀರನ್ನು ಚಪ್ಪಲಿಯಲ್ಲಿ ಚಿಮ್ಮಿಸಿ, “ಎಂತ ಬಳಿದ್ರೂ ಅಷ್ಟೇ ಅಕ್ಕ. ನಮ್ಮ ಮಳೆಗೆ ಇಳಿಜಾರು ಬೇಕು” ಅಂದ. ನಡುವೆ ಎತ್ತರ, ಎರಡು ಬದಿಗೆ ತಗ್ಗು, ಗೋಡೆಯಿಂದ ಎರಡಡಿ ಹೊರಗೆ ಚಾಚಿರಬೇಕು ಎಂದು ಕಾಗದದಲ್ಲಿ ಗೆರೆ ಎಳೆದು ತೋರಿಸಿದ. ಚಿಕ್ಕಮ್ಮ ಕನ್ನಡಕ ಏರಿಸಿ ನೋಡಿ, “ಇದು ನಮ್ಮ ಹಳೇ ಮಾಡೇ ಅಲ್ವನಾ?” ಅಂದರು.

ಈಗ ಬಾವುಟಗುಡ್ಡೆಯ ಮೇಲಿನಿಂದ ಊರನ್ನು ನೋಡಿದರೆ ತೆಂಗಿನ ಗರಿಗಳ ನಡುವೆ ಕೆಂಪು, ನೀಲಿ, ಹಸಿರು ಶೀಟುಗಳ ಮಾಡುಗಳು ಒಂದರ ಮೇಲೊಂದು ಎದ್ದು ನಿಂತಿವೆ. ಹತ್ತು ಮಹಡಿ ಕಾಂಕ್ರೀಟು, ಅದರ ತಲೆಯ ಮೇಲೆ ಒಂದು ಇಳಿಜಾರು. ಚಿಕ್ಕಮ್ಮನ ಕಟ್ಟಡದ ಶೀಟಿಗೆ ಹೆಂಚಿನ ಅಚ್ಚನ್ನೇ ಒತ್ತಿದ್ದಾರೆ; ದೂರದಿಂದ ಸಾಲು ಸಾಲು ಹೆಂಚಿನ ಹಾಗೆಯೇ ಕಾಣುತ್ತದೆ. ಮಳೆ ಬಂದಾಗ ಸದ್ದು ಮಾತ್ರ ಬೇರೆ, ಪಕ್ಕದವರ ಮಾತು ಕೇಳದಷ್ಟು ಜೋರು. ನೀರು ಬದಿಗೆ ಇಳಿದು, ಪೈಪು ಹಿಡಿದು, ಏಳು ಮಹಡಿ ಧುಮುಕಿ, ನಾಗನ ಕಟ್ಟೆಯ ಪಕ್ಕದ ಜಾಲಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ತೋಡು ಎಲ್ಲಿದೆಯೆಂದು ವಾಚ್‌ಮ್ಯಾನನನ್ನು ಕೇಳಿದೆ. ಅವನು ರಸ್ತೆಯ ಕಡೆಗೆ ಕೈ ತೋರಿಸಿದ. ರಸ್ತೆ ನಮಗಿಂತ ಒಂದು ಮೊಳ ಎತ್ತರದಲ್ಲಿತ್ತು.